ದಡ್ಡ, ಮರುಳ, ಮುಗ್ಧ: ಒಂದು ಪದವಿವೇಚನೆ

ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ‘ಫೂಲ್’ ಎಂಬ ಶಬ್ದವು ಬಂದೊಡನೆ ವಿದ್ಯಾರ್ಥಿಯು ಅದರ ಮಗ್ಗುಲಲ್ಲಿ ಪೆನ್ಸಿಲಿನಿಂದ ‘ದಡ್ಡ’ ಎಂದು ಬರೆದುಕೊಳ್ಳುತ್ತಾನೆ. ಮುಂದಿನ ಪುಟದಲ್ಲಿ ‘ಸ್ಟುಪಿಡ್’ ಬಂದರೆ ಅದಕ್ಕೂ ‘ದಡ್ಡ’. ‘ಈಡಿಯಟ್’ ಬಂದರೆ ಅದಕ್ಕೂ ‘ದಡ್ಡ’. ‘ಸಿಲ್ಲಿ’ ಎಂಬುದಕ್ಕೂ ಅದೇ ಅರ್ಥ. ಪರೀಕ್ಷೆಯ ಮಟ್ಟಿಗೆ ಇಷ್ಟು ಸಾಕಾದೀತು. ಆದರೆ ಅದೇ ವಿದ್ಯಾರ್ಥಿಯು ಶಾಲೆ ಬಿಟ್ಟು ವಿಜಯಪುರದ ಪೇಟೆಯನ್ನೋ, ತಿಕೋಟಾ ಬಬಲೇಶ್ವರಗಳ ಓಣಿಯನ್ನೋ ಹೊಕ್ಕನೆಂದರೆ ಅವನ ಕಿವಿಗೆ ಬೀಳುವ ಮಾತುಗಳೇ ಬೇರೆ. ಹುಚ್ಚ, ಮಬ್ಬ, ಮಂಕ, ಮರುಳ, ಭೋಳೆ, ಖೋಡಿ, ಬೇಕೂಫ, ಮೂರ್ಖ, ಮುಗ್ಧ ಎಂದು ಒಂದೊಂದು ಸಂದರ್ಭಕ್ಕೆ ಒಂದೊಂದು ಹೆಸರು. ಇವೆಲ್ಲವನ್ನೂ ‘ದಡ್ಡ’ ಎಂಬ ಒಂದೇ ಗೂಡಿನಲ್ಲಿ ತುರುಕಲು ಬರುವುದಿಲ್ಲವೆಂಬುದು ಆ ಬಾಲಕನಿಗೆ ಯಾರೂ ಹೇಳಿಕೊಡದೆಯೇ ಗೊತ್ತಿರುತ್ತದೆ.

ಒಂದು ನುಡಿಯು ಒಂದು ಭಾವಕ್ಕೆ ಹಲವು ಹೆಸರುಗಳನ್ನು ಇಟ್ಟುಕೊಂಡಿದ್ದರೆ ಅದು ಬರಿಯ ಶಬ್ದವೈಭವವಲ್ಲ. ಹೊಲದಲ್ಲಿ ದುಡಿಯುವವನು ಮಣ್ಣಿಗೆ ಎರೆ, ಮಸಾರಿ, ಮರಡಿ ಎಂದು ಬೇರೆಬೇರೆ ಹೆಸರುಗಳನ್ನು ಇಡುವುದು ಒಂದೊಂದರಲ್ಲಿ ಒಂದೊಂದು ಬೆಳೆ ಬರುವುದರಿಂದ. ಹಾಗೆಯೇ ಬುದ್ಧಿಯ ಕೊರತೆಯೆಂದು ಜನರು ಕರೆಯುವುದರಲ್ಲಿಯೂ ಹಲವು ಬಗೆಗಳಿವೆ. ತಿಳಿಯದಿರುವುದು ಒಂದು, ತಡವಾಗಿ ತಿಳಿಯುವುದು ಮತ್ತೊಂದು, ತಿಳಿದೂ ನಡೆಯದಿರುವುದು ಇನ್ನೊಂದು, ಕಪಟವನ್ನು ಅರಿಯದಿರುವುದು ಮಗದೊಂದು. ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ತಾಳ್ಮೆ ಬೇಕು, ಮೂರನೆಯದಕ್ಕೆ ಎಚ್ಚರಿಕೆಯ ಮಾತು ಬೇಕು. ನಾಲ್ಕನೆಯದಕ್ಕೆ ರಕ್ಷಣೆ ಬೇಕು. ಹೆಸರು ತಪ್ಪಿದರೆ ಉಪಚಾರವೂ ತಪ್ಪುತ್ತದೆ. ಆ ತಪ್ಪಿನ ಫಲವನ್ನು ಹೆಚ್ಚಾಗಿ ಉಣ್ಣುವವರು ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಮಕ್ಕಳು. ಆದಕಾರಣ ಈ ಪದಗಳ ವಿವೇಚನೆಯು ಕೇವಲ ನಿಘಂಟಿನ ವಿಷಯವಲ್ಲ, ಶಿಕ್ಷಣದ ವಿಷಯವೂ ಹೌದು.

ಪೇಟೆಯ ಮಾತು

ವಿಜಯಪುರವು ಹಲವು ಭಾಷೆಗಳು ಕೂಡಿದ ಊರು. 1490ರ ಸುಮಾರಿನಿಂದ 1686ರವರೆಗೆ ಆದಿಲಶಾಹಿ ಅರಸರ ರಾಜಧಾನಿಯಾಗಿ ಇದು ಪಾರಸಿಯನ್ನೂ ದಖನಿಯನ್ನೂ ಕೇಳಿತು. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದು, ಇಂದಿಗೂ ಮಹಾರಾಷ್ಟ್ರದ ಗಡಿಗೆ ಸಮೀಪವಿರುವುದರಿಂದ ಮರಾಠಿಯೂ ಇಲ್ಲಿಯ ಕನ್ನಡದಲ್ಲಿ ಬೆರೆತಿದೆ. ಮೌಢ್ಯವನ್ನು ಸೂಚಿಸುವ ಪದಗಳಲ್ಲಿ ಈ ಬೆರಕೆಯು ಚೆನ್ನಾಗಿ ಕಾಣುತ್ತದೆ. ‘ಬೇಕೂಫ’ ಎಂಬಲ್ಲಿ ‘ಬೇ’ ಎಂದರೆ ಇಲ್ಲದ, ಉಳಿದ ಭಾಗಕ್ಕೆ ತಿಳಿವಳಿಕೆಯೆಂದು ಅರ್ಥ; ಎಂದರೆ ತಿಳಿವಳಿಕೆ ಇಲ್ಲದವನು. ‘ಮಬ್ಬ’ ಎಂಬುದು ಅಚ್ಚಗನ್ನಡ. ಮಬ್ಬು ಎಂದರೆ ಮಸಕು ಬೆಳಕು, ಮುಂಜಾವಿನ ಅರೆಗತ್ತಲೆ. ಮಬ್ಬನಲ್ಲಿ ಬೆಳಕು ಇಲ್ಲವೆಂದಲ್ಲ, ಇನ್ನೂ ಪೂರ್ತಿಯಾಗಿ ಹರಿದಿಲ್ಲವೆಂದಷ್ಟೇ ಆ ಮಾತಿನ ಇಂಗಿತ. ‘ಮಂಕು’ ಎಂಬುದೂ ಇದರ ಒಡಹುಟ್ಟಿನಂತಿದೆ. ಮಂಕಾದ ದೀಪಕ್ಕೂ ಮಂಕಾದ ಬುದ್ಧಿಗೂ ಒಂದೇ ಶಬ್ದ. ಬತ್ತಿಯನ್ನು ತುಸು ಮುಂದಕ್ಕೆ ಸರಿಸಿದರೆ ಮಂಕುದೀಪವು ಬೆಳಗುತ್ತದೆಂಬ ಅನುಭವವೂ ಆ ಶಬ್ದದೊಳಗೆ ಅಡಗಿದೆ.

‘ಖೋಡಿ’ ಎಂಬುದು ಮರಾಠಿಯಲ್ಲಿ ತುಂಟತನಕ್ಕೆ ಹೆಸರು. ಅದು ಕನ್ನಡದ ‘ಹುಚ್ಚ’ನೊಡನೆ ಕೂಡಿ ಈ ಭಾಗದಲ್ಲಿ ‘ಹುಚ್ಚ ಖೋಡಿ’ ಎಂಬ ಜೋಡುನುಡಿಯಾಯಿತು. “ಹುಚ್ಚ ಖೋಡಿ, ಮಳ್ಯಾಗ ಯಾಕ ನಿಂತಿ, ಒಳಗ ಬಾ” ಎಂದು ತಾಯಿಯು ಮಗನನ್ನು ಕರೆದಾಗ ಅದು ಬೈಗುಳವಲ್ಲ, ಮುದ್ದಿನ ಮಾತು. ಅದೇ ಜೋಡುನುಡಿಯನ್ನು ಜಗಳದಲ್ಲಿ ಎದುರಾಳಿಯ ಮೇಲೆ ಎಸೆದರೆ ಕಲ್ಲಿನಂತೆ ತಾಗುತ್ತದೆ. ಅಕ್ಷರಗಳು ಅವೇ, ಅರ್ಥವನ್ನು ಕೊಡುವುದು ದನಿ ಮತ್ತು ಸಂಬಂಧ. ಇದಕ್ಕೆ ವಿರುದ್ಧವಾಗಿ ‘ಶಾಣ್ಯಾ’ ಎಂಬುದು ಜಾಣನೆಂಬ ಅರ್ಥದ ಶಬ್ದ. ಆದರೆ “ಭಾಳ ಶಾಣ್ಯಾ ಆಗ್ಯಾನ” ಎಂದರೆ ಅದು ಹೊಗಳಿಕೆಯಲ್ಲ. ‘ದೀಡ ಶಾಣ್ಯಾ’ ಎಂದರಂತೂ, ಒಂದೂವರೆ ಪಾಲಿನ ಜಾಣನೆಂದು ಹೇಳಿ ಒಂದು ಪಾಲಿನ ಜಾಣತನವನ್ನೂ ಕಸಿದುಕೊಂಡಂತೆ. ಭರ್ತೃಹರಿಯು ತನ್ನ ನೀತಿಶತಕದ ಆರಂಭದಲ್ಲಿಯೇ ಏನೂ ಅರಿಯದವನು, ಚೆನ್ನಾಗಿ ಅರಿತವನು, ಅಲ್ಪವನ್ನರಿತು ಬೀಗುವವನು ಎಂದು ಮೂವರನ್ನು ಬೇರ್ಪಡಿಸಿ, ಮೂರನೆಯವನನ್ನು ಒಪ್ಪಿಸುವುದು ಯಾರಿಗೂ ಸಾಧ್ಯವಿಲ್ಲವೆಂಬ ನಿರ್ಣಯಕ್ಕೆ ಬರುತ್ತಾನೆ. ಪಂಡಿತರು ಸಂಸ್ಕೃತದಲ್ಲಿ ಕಂಡ ಸತ್ಯವನ್ನು ಪೇಟೆಯ ಜನರು ‘ದೀಡ ಶಾಣ್ಯಾ’ ಎಂಬ ಎರಡೇ ಪದಗಳಲ್ಲಿ ಕಂಡುಕೊಂಡಿದ್ದಾರೆ.

‘ಭೋಳೆ’ಯು ಇವೆಲ್ಲಕ್ಕಿಂತ ಬೇರೆ. ಕಪಟವಿಲ್ಲದವನು, ಕೇಳಿದ್ದನ್ನು ಕೊಟ್ಟುಬಿಡುವವನು ಭೋಳೆ. ಸಂತೆಯಲ್ಲಿ ಅಂಥವನು ಮೋಸಹೋಗುತ್ತಾನೆ. ಆದರೂ ಊರವರು ಅವನನ್ನು ಪ್ರೀತಿಸುತ್ತಾರೆ. ಭಸ್ಮಾಸುರನಿಗೆ ಹಿಂದುಮುಂದು ನೋಡದೆ ವರಕೊಟ್ಟ ಶಿವನನ್ನು ಜನರು ಭೋಳಾಶಂಕರನೆಂದು ಕರೆದರು. ಲೋಕದ ಲೆಕ್ಕದಲ್ಲಿ ಅದು ಅವಿವೇಕ. ಭಕ್ತರ ಲೆಕ್ಕದಲ್ಲಿ ಅದೇ ಔದಾರ್ಯ. ಚಂದ್ರಶೇಖರ ಕಂಬಾರರು ತಮ್ಮ ಒಂದು ನಾಟಕಕ್ಕೆ ‘ಬೆಪ್ಪುತಕ್ಕಡಿ ಬೋಳೇಶಂಕರ’ ಎಂದು ಹೆಸರಿಟ್ಟಾಗ ಹಳ್ಳಿಯ ಬೈಗುಳವೂ ದೇವರ ಹೆಸರೂ ಒಂದೇ ಉಸಿರಿನಲ್ಲಿ ಕೂಡಿಕೊಂಡವು.

ಮೂಢ ಮತ್ತು ಮುಗ್ಧ

ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಮೂಢ’ ಮತ್ತು ‘ಮುಗ್ಧ’ ಎಂಬ ಎರಡು ಶಬ್ದಗಳ ಚರಿತ್ರೆಯು ಅತ್ಯಂತ ಬೋಧಪ್ರದವಾದುದು. ಇವೆರಡೂ ‘ಮುಹ್’ ಎಂಬ ಒಂದೇ ಧಾತುವಿನಿಂದ, ಒಂದೇ ಪ್ರತ್ಯಯವು ಸೇರಿ ಹುಟ್ಟಿದವು. ಪಾಣಿನಿಯ ವ್ಯಾಕರಣವು ಎರಡೂ ರೂಪಗಳನ್ನು ಒಪ್ಪಿಕೊಳ್ಳುತ್ತದೆ. ಆ ಧಾತುವಿಗೆ ದಿಕ್ಕುತೋಚದಂತಾಗುವುದು, ಬುದ್ಧಿಗೆ ಮುಸುಕು ಕವಿಯುವುದು ಎಂದು ಅರ್ಥ. ‘ಮೋಹ’ವು ಬಂದುದೂ ಅದರಿಂದಲೇ. ಹೀಗಾಗಿ ಮೂಢ, ಮುಗ್ಧ ಇಬ್ಬರೂ ಒಂದೇ ತಾಯಿಯ ಮಕ್ಕಳು. ಆದರೆ ಬೆಳೆಯುತ್ತ ಬೆಳೆಯುತ್ತ ಅವರ ದಾರಿಗಳು ಅಗಲಿದವು. ಮೂಢನಿಗೆ ನಿಂದೆಯು ಪಾಲಿಗೆ ಬಂದಿತು. ಮೂಢನಂಬಿಕೆ, ಮೌಢ್ಯ ಮುಂತಾದ ಶಬ್ದಗಳು ಅವನ ಪರಿವಾರ. ಮುಗ್ಧನಿಗಾದರೋ ಪ್ರೀತಿಯು ದೊರೆಯಿತು; ಮಗುವಿನ ನಗೆಯನ್ನು ಮುಗ್ಧವೆಂದರು. ಕಾವ್ಯಮೀಮಾಂಸಕರು ನಾಯಿಕೆಯರನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆಯೆಂದು ವಿಂಗಡಿಸುವಾಗ ಮೊದಲ ಹೆಸರನ್ನು ಇನ್ನೂ ಲೋಕವನ್ನರಿಯದ ಎಳೆಯ ನಾಯಿಕೆಗೆ ಇಟ್ಟರು.

ಶರಣಸಾಹಿತ್ಯವು ಈ ಶಬ್ದವನ್ನು ಇನ್ನೂ ಎತ್ತರಕ್ಕೆ ಒಯ್ದಿತು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಬಸವಪುರಾಣದಲ್ಲಿಯೂ, ಅದನ್ನನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡದಲ್ಲಿ ಮುಗಿಸಿದ ಬಸವಪುರಾಣದಲ್ಲಿಯೂ ಮುಗ್ಧಭಕ್ತರ ಕಥೆಗಳು ಬರುತ್ತವೆ. ರುದ್ರಪಶುಪತಿಯೆಂಬ ಭಕ್ತನು ಶಿವನು ವಿಷವನ್ನು ಕುಡಿದನೆಂಬ ಪುರಾಣವನ್ನು ಕೇಳಿದನಂತೆ. ಕೇಳಿದವರೆಲ್ಲ ತಲೆದೂಗಿ ಮನೆಗೆ ಹೋದರು. ಇವನು ಮಾತ್ರ ನೀರಿಗಿಳಿದು, ಶಿವನು ಆ ವಿಷವನ್ನು ಉಗುಳದಿದ್ದರೆ ತಾನು ಪ್ರಾಣ ಬಿಡುವೆನೆಂದು ಹಟಹಿಡಿದನು. ಬೆಜ್ಜಮಹಾದೇವಿಯು ಶಿವನಿಗೆ ತಾಯಿಯಿಲ್ಲವೆಂದು ಮರುಗಿ, ತಾಯಿಯಿದ್ದಿದ್ದರೆ ಅವನು ಹೀಗೆ ಬೂದಿ ಬಡಿದುಕೊಂಡು ತಿರುಗುತ್ತಿದ್ದನೇ ಎಂದುಕೊಂಡು, ತಾನೇ ಅವನ ತಾಯಿಯಾದಳು. ಕೋಳೂರ ಕೊಡಗೂಸು ತಂದೆಯು ಹೇಳಿಹೋದಂತೆ ಗುಡಿಗೆ ಹಾಲನ್ನೊಯ್ದು, ಲಿಂಗವು ಕುಡಿಯಲಿಲ್ಲವೆಂದು ಅತ್ತಳು. ಇವರಿಗೆ ಶಾಸ್ತ್ರವು ತಿಳಿಯದು. ರೂಪಕವನ್ನು ರೂಪಕವೆಂದು ಕಾಣುವ ಕಣ್ಣಿಲ್ಲ. ಆದರೂ ಪುರಾಣಕಾರರು ಇವರನ್ನು ಮೂಢರೆನ್ನಲಿಲ್ಲ. ಇನ್ನೊಬ್ಬರ ನೋವನ್ನು ಮಾತಾಗಿ ಕೇಳದೆ ನೋವಾಗಿಯೇ ಕೇಳಿದವರನ್ನು ಅವರು ಮುಗ್ಧರೆಂದು ಕರೆದರು.

ಈ ಎರಡು ಶಬ್ದಗಳ ಅಂತರವು ಪುರಾಣಕ್ಕಷ್ಟೇ ಸೀಮಿತವಾದುದಲ್ಲ. ಹಣ ದುಪ್ಪಟ್ಟಾಗುವುದೆಂಬ ಆಸೆ ತೋರಿಸಿ ಹಳ್ಳಿಯವರ ಉಳಿತಾಯವನ್ನು ಲಪಟಾಯಿಸಿದ ಸುದ್ದಿಯು ಪತ್ರಿಕೆಯಲ್ಲಿ ಬಂದಾಗ ‘ಮುಗ್ಧ ಜನರಿಗೆ ವಂಚನೆ’ ಎಂಬ ತಲೆಬರಹವಿರುತ್ತದೆ. ಅದನ್ನೋದಿದವರ ಸಿಟ್ಟು ವಂಚಕನ ಮೇಲೆ ತಿರುಗುತ್ತದೆ. ಅದೇ ಸುದ್ದಿಯನ್ನು ಕಟ್ಟೆಯ ಮೇಲೆ ಕುಳಿತವನು “ದಡ್ಡರು, ಕೊಟ್ಟು ಕೆಟ್ಟರು” ಎಂದು ಹೇಳಿದರೆ ತಪ್ಪೆಲ್ಲವೂ ಹಣ ಕಳೆದುಕೊಂಡವರ ಮೇಲೆ ಬೀಳುತ್ತದೆ; ವಂಚಕನು ಮಾತಿನ ನಡುವೆ ಎಲ್ಲಿಯೋ ಮಾಯವಾಗುತ್ತಾನೆ. ಸಂಗತಿಯು ಒಂದೇ ಆದರೂ ಹೆಸರು ಬದಲಾದೊಡನೆ ಅಪರಾಧಿಯೂ ಬದಲಾದನು. ಶಬ್ದವನ್ನು ಆರಿಸುವುದು ನ್ಯಾಯವನ್ನು ಆರಿಸಿದಂತೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಹೊಗಳಿಕೆಯು ತೆಗಳಿಕೆಯಾದ ಬಗೆ

ಮುಗ್ಧ ಶಬ್ದವು ಮೇಲಕ್ಕೇರಿದಂತೆ ಕೆಲವು ಶಬ್ದಗಳು ಕೆಳಗಿಳಿದುದೂ ಉಂಟು. ಇಂದು ಇಂಗ್ಲಿಷಿನಲ್ಲಿ ಹಗುರವಾದ ತಿಳಿಗೇಡಿತನಕ್ಕೆ ಬಳಸುವ ‘ಸಿಲ್ಲಿ’ ಎಂಬ ಶಬ್ದವು ಹಳೆಯ ಇಂಗ್ಲಿಷಿನಲ್ಲಿ ‘ಧನ್ಯ’, ‘ಭಾಗ್ಯಶಾಲಿ’ ಎಂಬ ಅರ್ಥವುಳ್ಳದ್ದಾಗಿತ್ತು. ಅದರ ಜ್ಞಾತಿಶಬ್ದವು ಜರ್ಮನ್ ಭಾಷೆಯಲ್ಲಿ ಇಂದಿಗೂ ಧನ್ಯನೆಂಬ ಅರ್ಥದಲ್ಲಿಯೇ ಉಳಿದಿದೆ. ಇಂಗ್ಲಿಷಿನಲ್ಲಿ ಮಾತ್ರ ಧನ್ಯನು ಸಾಧುವಾದನು, ಸಾಧುವಾದವನು ನಿರುಪದ್ರವಿಯಾದನು, ನಿರುಪದ್ರವಿಯು ಕನಿಕರಕ್ಕೆ ಪಾತ್ರನಾದನು, ಕನಿಕರಕ್ಕೆ ಪಾತ್ರನಾದವನು ಕೊನೆಗೆ ನಗೆಗೀಡಾದನು. ಒಳ್ಳೆಯವನನ್ನು ಲೋಕವು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರ ಚರಿತ್ರೆಯೇ ಆ ಒಂದು ಶಬ್ದದಲ್ಲಿದೆ. ‘ನೈಸ್’ ಎಂಬ ಶಬ್ದದ ಪಯಣವು ಇದಕ್ಕೆ ತಿರುಗುಮುರುಗು. ಲ್ಯಾಟಿನಿನಲ್ಲಿ ‘ಅರಿಯದವನು’ ಎಂಬ ಅರ್ಥದ ಮೂಲದಿಂದ ಹೊರಟು ಅದು ಇಂದು ‘ಚೆಲುವಾದ’, ‘ಹಿತವಾದ’ ಎಂಬ ಮನ್ನಣೆಗೆ ಬಂದಿದೆ. ‘ಫೂಲ್’ ಎಂಬುದರ ಮೂಲವು ಲ್ಯಾಟಿನಿನಲ್ಲಿ ಕಮ್ಮಾರನ ತಿದಿಗಿದ್ದ ಹೆಸರು. ಒಳಗೆ ಗಾಳಿಯನ್ನಷ್ಟೇ ತುಂಬಿಕೊಂಡು ಬುಸುಗುಡುವವನೆಂದು ಅದರ ಭಾವ.

ಕನ್ನಡನಾಡಿನ ನೆಲದಲ್ಲಿಯೇ ‘ಸಿಲ್ಲಿ’ಗೆ ಸರಿಸಮವಾದ ಒಂದು ದೃಷ್ಟಾಂತವಿದೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಬಂಡೆಗಲ್ಲಿನ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇರುವುದು ಕಂಡುಬಂದು, ಉಳಿದೆಡೆ ಬರಿಯ ಬಿರುದಿನಿಂದ ಕಾಣಿಸಿಕೊಳ್ಳುತ್ತಿದ್ದ ಅರಸನು ಯಾರೆಂಬುದು ಖಚಿತವಾಯಿತು. ದೇವತೆಗಳಿಗೆ ಪ್ರಿಯನಾದವನು ಎಂಬುದಕ್ಕಿಂತ ದೊಡ್ಡ ಬಿರುದು ಮತ್ತಾವುದಿದ್ದೀತು? ಆದರೆ ಮುಂದಿನ ಕಾಲದ ಸಂಸ್ಕೃತದಲ್ಲಿ ಅದೇ ‘ದೇವಾನಾಂಪ್ರಿಯ’ವು ಮೂರ್ಖನಿಗೆ ಹೆಸರಾಯಿತು. ವೈಯಾಕರಣರು ಆ ಸಮಾಸಕ್ಕೆ ಮೂರ್ಖನೆಂಬ ಅರ್ಥವನ್ನೇ ವಿಧಿಸಿದರು. ಶಂಕರಾಚಾರ್ಯರ ಭಾಷ್ಯದಲ್ಲಿ ಪ್ರತಿವಾದಿಯನ್ನು ಚುಚ್ಚಲು ಆ ಶಬ್ದವು ಬಳಕೆಯಾಗಿದೆ. ಚಕ್ರವರ್ತಿಯ ಬಿರುದು ಹೀಗೆ ಬೈಗುಳವಾದುದನ್ನು ನೋಡಿದರೆ, ಶಬ್ದಗಳ ಅರ್ಥವು ಕಲ್ಲಿನ ಮೇಲೆ ಕೊರೆದರೂ ನಿಲ್ಲುವಂಥದಲ್ಲವೆಂದು ಮನವರಿಕೆಯಾಗುತ್ತದೆ.

ಮರುಳು ಮತ್ತು ಹುಚ್ಚು

ಹಳಗನ್ನಡದಲ್ಲಿ ‘ಮರುಳ್’ ಎಂದರೆ ಬುದ್ಧಿಗೆಟ್ಟವನಷ್ಟೇ ಅಲ್ಲ, ಭೂತಪಿಶಾಚಿಯೂ ಹೌದು. ಮುಧೋಳದ ಕವಿ ರನ್ನನ ಗದಾಯುದ್ಧದಲ್ಲಿ ರಣಭೂಮಿಯನ್ನು ದಾಟುವ ದುರ್ಯೋಧನನಿಗೆ ಮರುಳುಗಳು ಎದುರಾಗುವ ಸನ್ನಿವೇಶವಿದೆ. ಭೂತವು ಹೊಕ್ಕವನು ತನ್ನ ವಶದಲ್ಲಿರುವುದಿಲ್ಲ. ಅದರಿಂದ ಹೊಕ್ಕ ಭೂತದ ಹೆಸರೇ ಹೊಗಿಸಿಕೊಂಡವನಿಗೂ ಬಂದಿತು. ವಿಜಯಪುರದ ದಖನಿಯಲ್ಲಿ ಕೇಳಿಬರುವ ‘ದಿವಾನಾ’ ಎಂಬ ಪಾರಸಿ ಶಬ್ದದ ಹುಟ್ಟೂ ಹೀಗೆಯೇ. ‘ದೀವ್’ ಎಂದರೆ ದೆವ್ವ, ಅದು ಹಿಡಿದವನು ದಿವಾನಾ. ಎರಡು ಬೇರೆ ಕುಲದ ಭಾಷೆಗಳು ಒಂದೇ ಅನುಭವಕ್ಕೆ ಒಂದೇ ಬಗೆಯಲ್ಲಿ ಹೆಸರಿಟ್ಟದ್ದು ಗಮನಾರ್ಹ. ಇಂದಿನ ಕನ್ನಡದಲ್ಲಿ ಮರುಳಾಗುವುದೆಂದರೆ ಸೋತು ಮನಸ್ಸು ಕೊಡುವುದು; ಮರುಳು ಮಾಡುವುದೆಂದರೆ ಮಾತಿನ ಮೋಡಿಯಿಂದ ಇನ್ನೊಬ್ಬರ ವಿವೇಕವನ್ನು ಕದಿಯುವುದು. ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆಯು ಒಬ್ಬನ ಮರುಳನ್ನಲ್ಲ, ಗುಂಪಿನ ಮರುಳನ್ನು ಕುರಿತದ್ದು. ಒಬ್ಬೊಬ್ಬರಾಗಿ ವಿವೇಕಿಗಳಾದವರೂ ಗುಂಪುಗೂಡಿದಾಗ ಒಬ್ಬರ ಹಿಂದೊಬ್ಬರು ಹೋಗುವ ಪರಿಯನ್ನು ಅದು ನಾಲ್ಕೇ ಪದಗಳೊಳಗೆ ಹಿಡಿದಿಟ್ಟಿದೆ.

ಲೋಕವು ಮರುಳನೆಂದು ಬಗೆದವನು ನಿಜವಾಗಿಯೂ ಮರುಳನೇ ಎಂಬ ಪ್ರಶ್ನೆಯನ್ನು ಶೂನ್ಯಸಂಪಾದನೆಯು ಎತ್ತುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಪ್ರಸಾದದ ಕುಂಡದ ಬಳಿ ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಮರುಳನಂತೆ ಉಳಿದಿದ್ದ ಒಬ್ಬನನ್ನು ಅಲ್ಲಮಪ್ರಭುವು ಗುರುತಿಸಿ, ಅವನ ನಿಲುವನ್ನು ಶರಣರಿಗೆ ತೋರಿಸಿಕೊಟ್ಟನು. ಅವನೇ ಮರುಳಶಂಕರದೇವ. ಆ ಕಥೆಯಲ್ಲಿ ಸೋತವನು ಮರುಳನಲ್ಲ. ಹನ್ನೆರಡು ವರ್ಷ ಹತ್ತಿರದಲ್ಲಿಯೇ ಇದ್ದು ನೋಡದೆಹೋದ ಕಣ್ಣುಗಳು ಸೋತವು. ಬಸವಣ್ಣನವರ ಮನೆಯಲ್ಲಿಯೇ ಹೀಗೆ ಆದುದೆಂದು ಹೇಳಲು ಆ ಗ್ರಂಥವು ಹಿಂಜರಿಯುವುದಿಲ್ಲ. ಶಾಲೆಗಳನ್ನು ನಡೆಸುವವರೆಲ್ಲರೂ ಈ ಕಥೆಯನ್ನು ಮತ್ತೆಮತ್ತೆ ನೆನೆಯಬೇಕು.

‘ಹುಚ್ಚು’ ಎಂಬುದರ ವ್ಯಾಪ್ತಿಯು ಇನ್ನೂ ಹಿರಿದು. ಹುಚ್ಚುನಾಯಿ, ಹುಚ್ಚುಹೊಳೆ, ಹುಚ್ಚುಮಳೆ ಎಂಬಲ್ಲಿ ಅದು ಅಂಕೆಯಿಲ್ಲದಿರುವುದನ್ನು ಸೂಚಿಸಿದರೆ, ನಾಟಕದ ಹುಚ್ಚು, ಓದಿನ ಹುಚ್ಚು ಎಂಬಲ್ಲಿ ಅದು ಬಿಡಲಾಗದ ಒಲವು. ಹುಟ್ಟಿದ ಮಕ್ಕಳು ಉಳಿಯದಿದ್ದಾಗ, ಮುಂದಿನ ಮಗುವಿಗೆ ದೃಷ್ಟಿ ತಾಗದಿರಲೆಂದು ತಿಪ್ಪಣ್ಣ, ಗುಂಡಪ್ಪ ಎಂಬಂತೆ ಹುಚ್ಚಪ್ಪ, ಹುಚ್ಚವ್ವ ಎಂದು ಹೆಸರಿಡುವ ಪದ್ಧತಿಯೂ ಉತ್ತರ ಕರ್ನಾಟಕದಲ್ಲಿತ್ತು. ಅಲ್ಲಿ ಆ ಶಬ್ದವು ಬೈಗುಳವಾಗದೆ ಮಗುವಿನ ಕಾವಲಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಕಮತಗಿಯಲ್ಲಿ ಹುಚ್ಚೇಶ್ವರನ ಮಠವೇ ಇದೆ.

ಲೋಕವ್ಯವಹಾರದ ಅಳತೆಗೋಲಿನಿಂದ ಅಳೆದರೆ ಹುಚ್ಚೆನಿಸುವ ಕಾರ್ಯವು ಕಾಲದ ಅಳತೆಗೋಲಿನಲ್ಲಿ ಏನಾಗುತ್ತದೆಂಬುದಕ್ಕೆ ವಿಜಯಪುರವೇ ಸಾಕ್ಷಿ. ಫ. ಗು. ಹಳಕಟ್ಟಿಯವರು (1880–1964) ಈ ನಗರದಲ್ಲಿ ವಕೀಲಿ ಮಾಡುತ್ತಿದ್ದರು. ಆ ವೃತ್ತಿಯನ್ನೇ ಹಿಡಿದಿದ್ದರೆ ಅವರು ಸುಖವಾಗಿ ಬಾಳಬಹುದಾಗಿತ್ತು. ಆದರೆ ಅವರು ಮನೆಮನೆಗಳಲ್ಲಿ, ಮಠಗಳಲ್ಲಿ ಹುದುಗಿದ್ದ ತಾಡವೋಲೆಗಳನ್ನು ಅರಸುತ್ತ ತಿರುಗಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಸ್ವಂತದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಹರಿದ ಓಲೆಗಳಿಗಾಗಿ ಮನೆಯನ್ನು ಮಾರುವವನನ್ನು ಪೇಟೆಯ ಲೆಕ್ಕವು ಜಾಣನೆನ್ನಲಾರದು. ಆ ಲೆಕ್ಕವನ್ನು ಅವರು ಒಪ್ಪಿಕೊಂಡಿದ್ದರೆ ಇಂದು ಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಎಷ್ಟೋ ವಚನಗಳು ಗೆದ್ದಲಿನ ಪಾಲಾಗುತ್ತಿದ್ದವು.

ಕನ್ನಡದ ಇನ್ನೊಬ್ಬ ಹಿರಿಯರಾದ ಡಿ. ವಿ. ಗುಂಡಪ್ಪನವರು ತಮ್ಮ ಜೀವನಚಿಂತನೆಯ ಎರಡು ಕೃತಿಗಳನ್ನು ಹೇಳಿಸಿದುದು ಪಂಡಿತನೊಬ್ಬನ ಬಾಯಿಂದಲ್ಲ. ಒಂದನ್ನು ಮಂಕುತಿಮ್ಮನಿಂದ, ಮತ್ತೊಂದನ್ನು ಮರುಳ ಮುನಿಯನಿಂದ. ತಾನು ಬಲ್ಲವನೆಂದು ಹೇಳಿಕೊಳ್ಳದವನ ಮಾತನ್ನು ಜನರು ನೆಮ್ಮದಿಯಿಂದ ಕೇಳುತ್ತಾರೆಂಬ ಅರಿವು ಆ ಹೆಸರುಗಳ ಹಿಂದಿದೆ.

ಅಳತೆಗೋಲು ಹಣೆಪಟ್ಟಿಯಾದುದು

ಇಲ್ಲಿಯವರೆಗೆ ಹೇಳಿದ ಶಬ್ದಗಳು ಜನರ ಬಾಯಲ್ಲಿ ಹುಟ್ಟಿದವು. ಇನ್ನು ಕೆಲವು ಶಬ್ದಗಳು ಶಾಸ್ತ್ರದ ಮತ್ತು ಕಾನೂನಿನ ಕೈಯಲ್ಲಿ ಸಿಕ್ಕು ಹೆಚ್ಚು ನೋವನ್ನುಂಟುಮಾಡಿದವು. ‘ಈಡಿಯಟ್’ ಎಂಬುದು ಅವುಗಳಲ್ಲಿ ಮುಖ್ಯವಾದುದು. ಪ್ರಾಚೀನ ಗ್ರೀಕರಲ್ಲಿ ಅದರ ಮೂಲಶಬ್ದಕ್ಕೆ ಊರಿನ ಸಾರ್ವಜನಿಕ ಕಾರ್ಯಗಳಲ್ಲಿ ಅಧಿಕಾರವಿಲ್ಲದೆ ತನ್ನ ಪಾಡಿಗೆ ತಾನಿರುವ ಸಾಮಾನ್ಯ ಗೃಹಸ್ಥನೆಂದು ಅರ್ಥವಿತ್ತು. ಮುಂದೆ ಅದು ವಿಶೇಷ ವಿದ್ಯೆಯಿಲ್ಲದವನಿಗೆ, ಆಮೇಲೆ ಬುದ್ಧಿಯಿಲ್ಲದವನಿಗೆ ಸಂದಿತು. ಭಾರತದಲ್ಲಿ ಬ್ರಿಟಿಷರು 1912ರಲ್ಲಿ ಜಾರಿಗೆ ತಂದ ಉನ್ಮಾದ ಕಾಯಿದೆಯ ವ್ಯಾಖ್ಯೆಯಲ್ಲಿಯೇ ಆ ಶಬ್ದವು ಸೇರಿಕೊಂಡಿತ್ತು.

1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆಯು ಸಿಮೋನನ ಸಹಾಯದಿಂದ ಬುದ್ಧಿಯನ್ನು ಅಳೆಯುವ ಮೊದಲ ಪರೀಕ್ಷೆಯನ್ನು ರಚಿಸಿದನು. ಶಾಲೆಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷವಾದ ನೆರವನ್ನು ಕೊಡಬೇಕೆಂಬುದು ಅದರ ಉದ್ದೇಶ. ಬುದ್ಧಿಯು ಹೆಚ್ಚಿಸಲಾಗದಷ್ಟು ಸ್ಥಿರವಾದುದೆಂಬ ಮತವನ್ನು ಬಿನೆಯೇ ಖಂಡಿಸಿದ್ದನು. ಆದರೆ ಅವನ ಅಳತೆಗೋಲು ಬೇರೆಯವರ ಕೈಗೆ ಹೋಯಿತು. ಅಮೆರಿಕದ ಗೊಡ್ಡಾರ್ಡನು 1910ರಲ್ಲಿ ಗ್ರೀಕಿನಿಂದ ‘ಮೋರಾನ್’ ಎಂಬ ಹೊಸ ಶಬ್ದವನ್ನು ಸೃಷ್ಟಿಸಿ, ‘ಈಡಿಯಟ್’, ‘ಇಂಬೆಸೈಲ್’ ಎಂಬವುಗಳ ಮೇಲೆ ಅದನ್ನು ಮೂರನೆಯ ಮೆಟ್ಟಿಲಾಗಿ ಇರಿಸಿದನು. ಒಂದು ತಲೆಮಾರು ಕಳೆಯುವುದರೊಳಗೆ ಆ ಶಾಸ್ತ್ರೀಯ ಶಬ್ದಗಳೆಲ್ಲವೂ ಬೀದಿಯ ಬೈಗುಳಗಳಾದವು. ನೆರವಿಗಾಗಿ ಹುಟ್ಟಿದ ಅಳತೆಯು ಹಣೆಪಟ್ಟಿಯಾಯಿತು.

ಬಿನೆಯ ಪರೀಕ್ಷೆಯು ಈ ನಾಡಿಗೂ ಬಂದಿತು. ವಿ. ವಿ.ಕಾಮತರು ಅದನ್ನು ಮುಂಬಯಿ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗುವಂತೆ ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ಒಂದು ದೇಶದ ಮಕ್ಕಳಿಗೆ ಕೇಳಿದ ಪ್ರಶ್ನೆಯನ್ನು ಮತ್ತೊಂದು ದೇಶದ ಮಕ್ಕಳಿಗೆ ಹಾಗೆಯೇ ಕೇಳಿ ಅವರನ್ನು ಅಳೆಯಲಾಗದೆಂಬ ವಿವೇಕವು ಆ ಪರಿಷ್ಕರಣದ ಹಿಂದಿತ್ತು. ಇತ್ತ ಕಾನೂನಿನ ಭಾಷೆಯೂ ನಿಧಾನವಾಗಿ ಬದಲಾಯಿತು. 1912ರ ಕಾಯಿದೆಯ ಸ್ಥಾನದಲ್ಲಿ 1987ರ ಮಾನಸಿಕ ಆರೋಗ್ಯ ಕಾಯಿದೆಯೂ, ಅದರ ಸ್ಥಾನದಲ್ಲಿ 2017ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆಯೂ ಬಂದವು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಬೌದ್ಧಿಕ ಅಸಾಮರ್ಥ್ಯವನ್ನೂ, ಓದು ಬರಹ ಲೆಕ್ಕಗಳಲ್ಲಿ ಮಾತ್ರ ಎದುರಾಗುವ ಕಲಿಕೆಯ ತೊಡಕುಗಳನ್ನೂ ಬೇರೆಬೇರೆಯಾಗಿ ಹೆಸರಿಸಿತು. ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕ ಕಳಸಬೇಕು’ ಎಂಬುದು ಬಹುಕಾಲದಿಂದ ಒಂದು ಕುಚೋದ್ಯದ ಮಾತು. ಅಲ್ಲಿಯ ಹುಚ್ಚಾಸ್ಪತ್ರೆಯನ್ನು ನೆನೆದು ಆಡಿದ್ದು. ಇಂದು ಅದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ. ಸಂಸ್ಥೆಯ ಹೆಸರು ಬದಲಾದರೂ ಕಟ್ಟೆಯ ಮೇಲಿನ ಕುಚೋದ್ಯವು ಬದಲಾಗಲಿಲ್ಲ. ಕಾನೂನು ಕಾಗದದ ಮೇಲಿನ ಮಾತನ್ನು ತಿದ್ದಬಲ್ಲದು. ನಾಲಗೆಯ ಮೇಲಿನ ಮಾತನ್ನು ತಿದ್ದಬೇಕಾದವರು ಮನೆಯವರು ಮತ್ತು ಗುರುಗಳು.

ತರಗತಿಯಲ್ಲಿ ‘ದಡ್ಡ’

ಇಷ್ಟು ನೋಡಿದ ಬಳಿಕ ಮೊದಲಿನ ಶಬ್ದಕ್ಕೆ ಮರಳಬೇಕು. ‘ದಡ್ಡ’ ಎಂಬ ಮಾತನ್ನು ಶಾಲೆಯಲ್ಲಿ ಯಾರ ಮೇಲೆ ಪ್ರಯೋಗಿಸುತ್ತಾರೆ? ಜಿಲ್ಲೆಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯುವ ಕೆಲಸಕ್ಕೂ ಕಟ್ಟಡದ ಕೆಲಸಕ್ಕೂ ಪರಸ್ಥಳಗಳಿಗೆ ಗುಳೆ ಹೋಗುತ್ತವೆ. ಮಕ್ಕಳೂ ಅವರೊಡನೆ ಹೋಗಿ ತಿಂಗಳುಗಟ್ಟಲೆ ಶಾಲೆಯಿಂದ ದೂರವಿರುತ್ತಾರೆ. ಹಿಂದಿರುಗಿದ ಬಾಲಕನಿಗೆ ಭಾಗಾಕಾರ ಬಾರದಿದ್ದರೆ ಅವನು ದಡ್ಡನಲ್ಲ. ಭಾಗಾಕಾರವನ್ನು ಕಲಿಸಿದ ದಿನ ಅವನು ಅಲ್ಲಿರಲಿಲ್ಲ, ಅಷ್ಟೇ. ತಾಂಡಾದಿಂದ ಬಂದ ಮಗುವಿನ ಮನೆಮಾತು ಲಂಬಾಣಿ. ಪೇಟೆಯ ಕೆಲವು ಓಣಿಗಳ ಮಗುವಿನ ಮನೆಮಾತು ಉರ್ದು ಅಥವಾ ಮರಾಠಿ. ಪ್ರಶ್ನೆಯ ಕನ್ನಡವು ಅರ್ಥವಾಗುವ ಮೊದಲೇ ಉತ್ತರದ ಸರದಿಯು ಮುಂದಿನವನಿಗೆ ಹೋಗಿರುತ್ತದೆ. ಆ ಮಗುವಿನ ಮೌನವು ಮೌಢ್ಯವಲ್ಲ. ಎರಡು ಭಾಷೆಗಳ ನಡುವಿನ ಹಾದಿಯಲ್ಲಿ ಅದು ಇನ್ನೂ ನಡೆಯುತ್ತಿದೆ. ಇನ್ನೊಬ್ಬನಿಗೆ ಹಲಗೆಯ ಮೇಲಿನ ಅಕ್ಷರವು ಕಾಣಿಸುತ್ತಿಲ್ಲ. ಅವನಿಗೆ ಬೇಕಾದುದು ಕನ್ನಡಕ. ಮತ್ತೊಬ್ಬನಿಗೆ ಒಂದು ಕಿವಿ ಮಂದ. ಮಗದೊಬ್ಬನಿಗೆ ಲೆಕ್ಕವು ಬಾಯಲ್ಲಿ ಬರುತ್ತದೆ, ಅಕ್ಷರಗಳು ಮಾತ್ರ ಕಣ್ಣೆದುರು ಸ್ಥಾನಪಲ್ಲಟವಾಗುತ್ತವೆ. ಇವರೈವರಿಗೂ ಒಂದೇ ಹೆಸರಿಟ್ಟರೆ ಐವರಲ್ಲಿ ಒಬ್ಬನಿಗೂ ಉಪಚಾರವು ದೊರೆಯುವುದಿಲ್ಲ.

ತರಗತಿಯಲ್ಲಿ ಮಬ್ಬನೆನಿಸಿಕೊಂಡವನು ಹೊಲದಲ್ಲಿ ಮಬ್ಬನಾಗಿರಬೇಕೆಂಬ ನಿಯಮವಿಲ್ಲ. ತಿಕೋಟಾದ ಸುತ್ತಲಿನ ದ್ರಾಕ್ಷಿಯ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ಚಾಟ್ನಿಯಾಗುವಾಗ ಬಳ್ಳಿಯ ಯಾವ ಕಣ್ಣಿನ ಮೇಲೆ ಕತ್ತರಿಯಿಡಬೇಕೆಂಬುದನ್ನು ತಂದೆಯ ಜೊತೆಗೆ ನಿಂತು ನೋಡಿದ ಹುಡುಗನು ಬಲ್ಲನು. ನೆರಳಿನ ಜಾಲರಿಯ ಮೇಲೆ ಹರಡಿದ ಹಣ್ಣು ಒಣದ್ರಾಕ್ಷಿಯಾಗಲು ಇನ್ನೆಷ್ಟು ದಿನ ಬೇಕೆಂಬುದನ್ನು ಬೆರಳಿನಿಂದ ಒತ್ತಿ ಹೇಳಬಲ್ಲನು. ಬಬಲೇಶ್ವರದ ಎರೆಯ ಹೊಲದಲ್ಲಿ ಹಿಂಗಾರಿ ಜೋಳವನ್ನು ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಹೆಣ್ಣುಮಗಳ ಬೆರಳುಗಳಲ್ಲಿ ಒಂದು ಲೆಕ್ಕವಿದೆ. ಒಂದು ಕಡೆ ದಟ್ಟವಾಗದಂತೆ, ಮತ್ತೊಂದು ಕಡೆ ತೆಳುವಾಗದಂತೆ ಎತ್ತುಗಳ ನಡಿಗೆಗೆ ಸರಿಯಾಗಿ ಕಾಳು ಉದುರಬೇಕು. ಆ ಲೆಕ್ಕವನ್ನು ಯಾವ ಪ್ರಶ್ನಪತ್ರಿಕೆಯೂ ಕೇಳಿಲ್ಲ. ಹಾಗೆಂದು ಶಾಲೆಯ ಲೆಕ್ಕವು ಬೇಡವೆಂದಲ್ಲ. ಒಂದನ್ನು ಕಲಿತ ಬುದ್ಧಿಯು ಇನ್ನೊಂದನ್ನೂ ಕಲಿಯಬಲ್ಲದೆಂಬ ನಂಬಿಕೆಯಿಂದ ಗುರುವು ಮೊದಲಿಡಬೇಕು.

2009ರ ಶಿಕ್ಷಣ ಹಕ್ಕು ಕಾಯಿದೆಯು ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತದ ಬರೆಯು ವಾರದಲ್ಲಿ ಮಾಯುತ್ತದೆ. ‘ದಡ್ಡ’ ಎಂಬ ಹೆಸರಿನ ಬರೆಯು ಹಾಗೆ ಮಾಯುವುದಿಲ್ಲ. ಮಗುವು ಆ ಹೆಸರನ್ನು ಮೊದಲು ಕೇಳುತ್ತದೆ, ಆಮೇಲೆ ನಂಬುತ್ತದೆ, ಕಡೆಗೆ ಅದರಂತೆಯೇ ನಡೆಯುತ್ತದೆ. ಕೈಯೆತ್ತುವುದನ್ನು ಬಿಡುತ್ತದೆ, ಪ್ರಶ್ನೆ ಕೇಳುವುದನ್ನು ಬಿಡುತ್ತದೆ, ಒಂದು ದಿನ ಶಾಲೆಯನ್ನೇ ಬಿಡುತ್ತದೆ. ಆಗ ಹೆಸರಿಟ್ಟವರು “ನೋಡಿದಿರಾ, ಮೊದಲೇ ಹೇಳಿರಲಿಲ್ಲವೇ” ಎನ್ನುತ್ತಾರೆ. ತಾವು ಹೇಳಿದುದರಿಂದಲೇ ಹಾಗಾಯಿತೆಂಬುದು ಅವರ ಅರಿವಿಗೆ ಬರುವುದಿಲ್ಲ.

ಹೊಳೆಯನ್ನು ದಾಟಿದ ಹತ್ತು ಜನ ಗಾಂಪರ ಕಥೆಯು ಎಲ್ಲರಿಗೂ ಗೊತ್ತಿರುವಂಥದು. ದಡಕ್ಕೆ ಬಂದು ಒಬ್ಬೊಬ್ಬನೂ ಎಣಿಸಿದನು. ಎಣಿಸಿದವನಿಗೆಲ್ಲ ಒಂಬತ್ತೇ ತಲೆಗಳು ದೊರೆತವು. ಹತ್ತನೆಯವನು ಹೊಳೆಯ ಪಾಲಾದನೆಂದು ಎಲ್ಲರೂ ಗೋಳಾಡಿದರು. ದಾರಿಹೋಕನೊಬ್ಬನು ಬಂದು “ಹತ್ತನೆಯವನು ನೀನೇ” ಎಂದು ತೋರಿಸಬೇಕಾಯಿತು. ವಿದ್ಯಾರಣ್ಯರ ಪಂಚದಶಿಯಲ್ಲಿ ಆತ್ಮಜ್ಞಾನವನ್ನು ತಿಳಿಸಲು ಇದೇ ದೃಷ್ಟಾಂತವನ್ನು ಬಳಸಲಾಗಿದೆ. ಶರಣರು ಅಜ್ಞಾನಕ್ಕೆ ಇಟ್ಟ ಹೆಸರೂ ‘ಮರವೆ’ ಎಂಬುದೇ. ಉಳಿದವರನ್ನೆಲ್ಲ ಎಣಿಸುತ್ತ ತನ್ನನ್ನು ಮರೆಯುವುದೇ ಮೌಢ್ಯದ ಮೂಲಲಕ್ಷಣವಾದರೆ, ತರಗತಿಯಲ್ಲಿ ಎಷ್ಟು ಜನ ದಡ್ಡರಿದ್ದಾರೆಂದು ಎಣಿಸಲು ಹೊರಟವರು ಎಣಿಕೆಯನ್ನು ತಮ್ಮಿಂದಲೇ ಆರಂಭಿಸುವುದು ಲೇಸು. ಆಗ ಪಾಠವನ್ನು ಎಲ್ಲಿ ಬೇಗ ಮುಗಿಸಿದೆವು, ಯಾವ ಮಗುವಿನ ಮೌನವನ್ನು ಗಮನಿಸದೆಹೋದೆವು ಎಂಬುದು ಗುರುಗಳಿಗೂ ಹಿರಿಯರಿಗೂ ತಾನಾಗಿ ಹೊಳೆಯುತ್ತದೆ. ಪುಸ್ತಕದ ಅಂಚಿನಲ್ಲಿ ‘ಫೂಲ್’ ಎಂಬುದರ ಪಕ್ಕಕ್ಕೆ ‘ದಡ್ಡ’ ಎಂದು ಬರೆದುಕೊಂಡ ವಿದ್ಯಾರ್ಥಿಯು ಆ ಮಾತನ್ನು ಪುಸ್ತಕದ ಅಂಚಿನಲ್ಲಿಯೇ ಬಿಟ್ಟು, ಗೆಳೆಯನ ಹೆಗಲ ಮೇಲೆ ಕೈಯಿಟ್ಟು, ತಿಳಿಯದ ಲೆಕ್ಕವನ್ನು ಇನ್ನೊಮ್ಮೆ ಹೇಳಿಕೊಡುವಂತಾದರೆ ಈ ಪದವಿವೇಚನೆಯು ಸಾರ್ಥಕವಾದಂತೆ.